ಒಂದೇ ಕೆಲಸಕ್ಕೆ ನಾಲ್ಕು ಹೆಸರು: ಗೆಟ್, ಫೈಂಡ್, ಫೆಚ್, ಲುಕಪ್. ಎಲ್ಲ ಬದಲಿಸಲಾ, ಹಾಗೇ ಬಿಡಲಾ?

ಮಧ್ಯರಾತ್ರಿ_ಕಮಿಟ್

ನಮ್ಮ ಟೀಮ್ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಒಂದು ದೊಡ್ಡ ಎಕ್ಸ್‌ಟೆನ್ಶನ್ (ಹೆಚ್ಚುವರಿ ಸೌಲಭ್ಯ ಸೇರಿಸುವ ಕೋಡ್) ಕಟ್ಟುತ್ತಿದೆ. ಎಂಟು ವರ್ಷದ ಸಿ ಕೋಡ್. ಬಂದು ಹೋದವರೆಲ್ಲ ಅವರವರ ರುಚಿಗೆ ತಕ್ಕಂತೆ ಹೆಸರಿಟ್ಟು ಹೋಗಿದ್ದಾರೆ. ಹೆಸರು ಕೊಟ್ಟರೆ ಐಡಿ ಹುಡುಕಿ ಕೊಡುವ ಫಂಕ್ಷನ್‌ಗಳನ್ನೇ ನೋಡಿ: ಗೆಟ್_ಶಾರ್ಡ್_ಐಡಿ, ಫೈಂಡ್‌ನೋಡ್‌ಬೈನೇಮ್, ಫೆಚ್_ಟೆನೆಂಟ್, ಲುಕಪ್‌ಕೀ. ನಾಲ್ಕೂ ಮಾಡುವುದು ಒಂದೇ ಕೆಲಸ.

ಇಷ್ಟು ದಿನ ನಾನೂ ತಲೆ ಕೆಡಿಸಿಕೊಂಡಿರಲಿಲ್ಲ. ಹೋದ ವಾರ ಹೊಸದಾಗಿ ಸೇರಿದ ಹುಡುಗಿ ಒಂದು ಡಿಲೀಟ್ ಕಮಾಂಡ್ ಬರೆದಳು. ಅವಳಿಗೆ ಗೆಟ್_ಶಾರ್ಡ್_ಐಡಿ ಅಭ್ಯಾಸ. ಶಾರ್ಡ್ (ಡೇಟಾದ ಒಂದು ತುಂಡು) ಸಿಗದಿದ್ದರೆ ಅದು ಅಲ್ಲೇ ಎರರ್ ಎಸೆದು ನಿಲ್ಲಿಸುತ್ತದೆ. ಅದೇ ನಂಬಿಕೆಯಲ್ಲಿ ಗೆಟ್_ಪಾಲಿಸಿ_ಐಡಿ ಕರೆದಳು. ಅದು ಸಿಗದಿದ್ದರೆ ತೆಪ್ಪಗೆ ಸೊನ್ನೆ ವಾಪಸ್ ಕೊಡುತ್ತದೆ. ನಮ್ಮ ಡಿಲೀಟ್ ಕೋಡ್‌ನಲ್ಲಿ ಸೊನ್ನೆ ಅಂದರೆ "ಎಲ್ಲ ಪಾಲಿಸಿಗಳೂ". ಟೆಸ್ಟ್ ಸರ್ವರ್ ಗುಡಿಸಿ ಸಾರಿಸಿದ ಹಾಗಾಯಿತು.

ಪುಣ್ಯಕ್ಕೆ ಪ್ರೊಡಕ್ಷನ್ ಅಲ್ಲ. ಈಗ ನನಗೆ ಎಲ್ಲ ಹೆಸರನ್ನೂ ಒಂದೇ ಪದ್ಧತಿಗೆ ತರಬೇಕು ಅಂತಿದೆ, ಸುಮಾರು 400 ಕಡೆ ಬದಲಾಗುತ್ತದೆ. ಮ್ಯಾನೇಜರ್ ಅಂತಾರೆ, "ಹೆಸರಿಗೆ ಯಾಕ್ರೀ ಜಗಳ, ಫೀಚರ್ ಕೊಡಿ." ನೀವೇನಂತೀರಿ?

ಸೆಗ್‌ಫಾಲ್ಟ್ ಸೀನ

ಮ್ಯಾನೇಜರ್ ಹೆಸರನ್ನು ಫೆಚ್_ಮ್ಯಾನೇಜರ್ ಅಂತ ಬದಲಿಸಿ, ಆಗ ಗೊತ್ತಾಗತ್ತೆ.

ಅರ್ಧವಿರಾಮ

ಹುಡುಗಿಯದ್ದೂ ತಪ್ಪಿದೆ. ಫಂಕ್ಷನ್ ಮೇಲಿನ ಕಾಮೆಂಟ್ ಓದದೆ ಡಿಲೀಟ್ ಕೋಡ್ ಬರೆಯುವುದಾ? ಹೆಸರು ಏನೇ ಇರಲಿ, ರಿಟರ್ನ್ ವ್ಯಾಲ್ಯೂ ನೋಡುವುದು ಮೊದಲ ಪಾಠ.

ಮಧ್ಯರಾತ್ರಿ_ಕಮಿಟ್

@ಅರ್ಧವಿರಾಮ ಕಾಮೆಂಟ್ ಇತ್ತು. "ಪಾಲಿಸಿ ಐಡಿ ಪಡೆಯುತ್ತದೆ" ಅಂತ. ಅಷ್ಟೇ.

ಹಳೇ ಪಾಯಿಂಟರ್

ಇದೇ ರೋಗ ಪೋಸ್ಟ್‌ಗ್ರೆಸ್‌ಗೂ ಇತ್ತು, ಔಷಧಿಯೂ ಅಲ್ಲೇ ಸಿಕ್ಕಿದೆ. 2010ರ ಹೊತ್ತಿಗೆ ಅಲ್ಲಿನ ಪರಿಸ್ಥಿತಿ ಹೇಗಿತ್ತು ನೋಡಿ. ರೋಲ್ (ಡೇಟಾಬೇಸ್ ಬಳಕೆದಾರ) ಹೆಸರಿನಿಂದ ಓಐಡಿ (ಒಳಗಿನ ಗುರುತಿನ ಸಂಖ್ಯೆ) ಬೇಕಾದರೆ ಎರಡು ಫಂಕ್ಷನ್: ಗೆಟ್_ರೋಲಿಡ್ ಮತ್ತು ಗೆಟ್_ರೋಲಿಡ್_ಚೆಕ್ಡ್. ಮೊದಲನೆಯದು ಸಿಗದಿದ್ದರೆ ಸೊನ್ನೆ ಕೊಡುತ್ತಿತ್ತು, ಎರಡನೆಯದು ಎರರ್ ಎಸೆಯುತ್ತಿತ್ತು. ಕನ್ವರ್ಶನ್ ಹುಡುಕಲು ಫೈಂಡ್‌ಕನ್ವರ್ಶನ್‌ಬೈನೇಮ್. ಟೆಕ್ಸ್ಟ್ ಸರ್ಚ್ ಪಾರ್ಸರ್‌ಗೆ ಟಿಎಸ್‌ಪಾರ್ಸರ್‌ಗೆಟ್‌ಪಿಆರ್‌ಎಸ್‌ಐಡಿ. ಒಂದೊಂದು ಮೂಲೆಯಲ್ಲಿ ಒಂದೊಂದು ಭಾಷೆ.

ಆ ವರ್ಷ ಇವನ್ನೆಲ್ಲ ಒಂದೇ ಅಚ್ಚಿಗೆ ಹಾಕಿದರು. ಗೆಟ್_ರೋಲ್_ಓಐಡಿ, ಗೆಟ್_ಡೇಟಾಬೇಸ್_ಓಐಡಿ, ಗೆಟ್_ಕನ್ವರ್ಶನ್_ಓಐಡಿ, ಗೆಟ್_ಟಿಎಸ್_ಪಾರ್ಸರ್_ಓಐಡಿ. ಮಧ್ಯದಲ್ಲಿ ವಸ್ತುವಿನ ಹೆಸರು, ಆಚೆ ಈಚೆ ಒಂದೇ. 9.1 ಆವೃತ್ತಿಯಲ್ಲಿ ಬಂತು. ಹೆಸರಿಗಿಂತ ಮುಖ್ಯವಾದದ್ದು ಕೊನೆಯ ಪ್ಯಾರಾಮೀಟರ್: ಮಿಸ್ಸಿಂಗ್_ಓಕೆ. ಟ್ರೂ ಕೊಟ್ಟರೆ ಸಿಗದಿದ್ದಾಗ ಸೊನ್ನೆ, ಫಾಲ್ಸ್ ಕೊಟ್ಟರೆ ಎರರ್. ಕರೆಯುವವನು ಬಾಯಿ ಬಿಟ್ಟು ಹೇಳಲೇಬೇಕು, ಇಲ್ಲದಿದ್ದರೆ ಕಂಪೈಲ್ ಆಗಲ್ಲ. ನಿಮ್ಮ ಹುಡುಗಿ ಮುಂದೆ ಆ ಪ್ರಶ್ನೆ ಬಂದಿದ್ದರೆ ಟೆಸ್ಟ್ ಸರ್ವರ್ ಉಳಿಯುತ್ತಿತ್ತು, ಅಲ್ವಾ?

ನಾಲ್ಕು ಹೆಸರಿದ್ದು ನಾಲ್ಕೂ ಒಂದೇ ಥರ ನಡೆದುಕೊಂಡರೆ ಕಿರಿಕಿರಿ ಅಷ್ಟೇ. ಒಂದೇ ಥರದ ಹೆಸರಿಟ್ಟುಕೊಂಡು ಎರಡು ಥರ ನಡೆದುಕೊಂಡರೆ ಅಪಾಯ. ನಿಮಗೆ ಆಗಿರುವುದು ಎರಡನೆಯದು. ಫೈಂಡ್, ಫೆಚ್ ಆಮೇಲೆ ನೋಡಿಕೊಳ್ಳಿ. ಮೊದಲು ಆ ಎರಡು ಗೆಟ್‌ಗಳನ್ನು ಸರಿ ಮಾಡಿ.

ಗಿಟ್ ಗಿರಾಕಿ

ಮಿಸ್ಸಿಂಗ್_ಓಕೆ ಚೆನ್ನಾಗಿದೆ. ಆದರೆ ಕರೆಯುವ ಜಾಗದಲ್ಲಿ ಕಾಣುವುದು ಬರೀ ಟ್ರೂ, ಫಾಲ್ಸ್. ಇನ್ನೊಂದು ಬೂಲಿಯನ್ ಸೇರಿದರೆ ಟ್ರೂ, ಫಾಲ್ಸ್, ಟ್ರೂ ಅಂತ ಲಾಟರಿ ನಂಬರ್ ಥರ ಓದಬೇಕು. ಯಾವುದು ಯಾವುದು ಅಂತ ಹೆಡರ್ ಫೈಲ್ ತೆರೆಯದೆ ಹೇಳುವವರನ್ನು ನಾನಿನ್ನೂ ನೋಡಿಲ್ಲ.

ಹಳೇ ಪಾಯಿಂಟರ್

ಒಪ್ಪಿದೆ. ಅದಕ್ಕೂ ಅಲ್ಲೇ ಉದಾಹರಣೆ ಇದೆ. ರೇಂಜ್‌ವಾರ್‌ಗೆಟ್‌ರೆಲಿಡ್‌ಎಕ್ಸ್‌ಟೆಂಡೆಡ್ ಅಂತ ಒಂದು ಫಂಕ್ಷನ್, ಟೇಬಲ್ ಹೆಸರು ಹುಡುಕಿ ಲಾಕ್ ಕೂಡ ಹಾಕುತ್ತದೆ. ಅದರಲ್ಲಿ ಮಿಸ್ಸಿಂಗ್_ಓಕೆ ಒಂದು ಬೂಲಿಯನ್, ನೋವೇಟ್ (ಲಾಕ್‌ಗೆ ಕಾಯಬೇಡ) ಇನ್ನೊಂದು. ಲಾಕ್ ಸಿಗದ ಟೇಬಲ್ ಬಿಟ್ಟು ಮುಂದೆ ಹೋಗುವ ಸೌಲಭ್ಯ ಬೇಕಾದಾಗ ಮೂರನೇ ಬೂಲಿಯನ್ ತುರುಕಲಿಲ್ಲ. 11ನೇ ಆವೃತ್ತಿಯಲ್ಲಿ ಎಲ್ಲ ತೆಗೆದು, ಆಯ್ಕೆಗಳನ್ನು ಹೆಸರು ಹಿಡಿದು ಹೇಳುವ ಒಂದೇ ಫ್ಲ್ಯಾಗ್ಸ್ ಪ್ಯಾರಾಮೀಟರ್ ಮಾಡಿದರು. ಈಗ ಆರ್‌ವಿಆರ್_ಮಿಸ್ಸಿಂಗ್_ಓಕೆ ಅಂತ ಪೂರ್ತಿ ಹೆಸರೇ ಕಾಣುತ್ತದೆ. ಒಂದು ಬೂಲಿಯನ್‌ವರೆಗೆ ಸಹಿಸಬಹುದು, ಎರಡನೆಯದು ಬಂದ ದಿನ ಫ್ಲ್ಯಾಗ್ ಮಾಡಿ.

ಅರ್ಧವಿರಾಮ

ಹಾಗಾದರೆ ಎಲ್ಲವೂ ಸರಿ ಹೋಯಿತಾ? ಫಂಕ್ಷನ್ ಹುಡುಕಲು ಈಗಲೂ ಲುಕಪ್‌ಫಂಕ್‌ನೇಮ್ ಇದೆ. ಟೇಬಲ್‌ಗೆ ಗೆಟ್_ಟೇಬಲ್_ಓಐಡಿ ಅಂತ ಇಲ್ಲ. ಎಲ್ಲಿ ಬಂತು ನಿಮ್ಮ ಅಚ್ಚು?

ಹಳೇ ಪಾಯಿಂಟರ್

ಬರಬಾರದು ಅಂತಲೇ ಬಂದಿಲ್ಲ. ರೋಲ್ ಅಥವಾ ಡೇಟಾಬೇಸ್ ಹುಡುಕಲು ಬರೀ ಹೆಸರು ಸಾಕು. ಫಂಕ್ಷನ್‌ಗೆ ಆರ್ಗ್ಯುಮೆಂಟ್ ಟೈಪ್‌ಗಳೂ ಬೇಕು, ಒಂದೇ ಹೆಸರಿನಲ್ಲಿ ಹತ್ತು ಫಂಕ್ಷನ್ ಇರಬಹುದು. ಟೇಬಲ್ ಹುಡುಕುವಾಗ ಲಾಕ್ ಜೊತೆಗೇ ಬರುತ್ತದೆ, ಇಲ್ಲದಿದ್ದರೆ ನೀವು ಹುಡುಕಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಅದನ್ನು ಡ್ರಾಪ್ ಮಾಡಿರುತ್ತಾರೆ. ಕೆಲಸ ಬೇರೆ, ಹೆಸರೂ ಬೇರೆ ಇರಲಿ ಬಿಡಿ.

ಫಿಲ್ಟರ್ ಕಾಫಿ

ಇದು ನಮ್ಮ ಮನೆಯ ಮಾವಂದಿರ ಕಥೆ. ಅಮ್ಮನ ತಮ್ಮನೂ ಮಾವ, ಅತ್ತೆಯ ಗಂಡನೂ ಮಾವ, ಹೆಂಡತಿಯ ಅಪ್ಪನೂ ಮಾವ. ಹಬ್ಬದ ದಿನ "ಮಾವ, ಊಟಕ್ಕೆ ಬನ್ನಿ" ಅಂದರೆ ಮೂವರು ಏಳುತ್ತಾರೆ. ಅದರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಹೋಳಿಗೆ ಬಡಿಸುವ ಹಾಗಿಲ್ಲ.

ಸೆಗ್‌ಫಾಲ್ಟ್ ಸೀನ

ಹೋಳಿಗೆ_ಓಕೆ = ಫಾಲ್ಸ್

ನಲ್ ಅಲ್ಲ

ಹುಡುಕುವ ಹೆಸರಿಗಿಂತ ಮುಗಿಸುವ ಹೆಸರುಗಳು ನನ್ನ ಪ್ರಾಣ ತಿಂದಿವೆ. ಪೋಸ್ಟ್‌ಗ್ರೆಸ್‌ನಲ್ಲಿ ಮೊದಲ ಪ್ಯಾಚ್ ಬರೆಯುವಾಗ ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ್ದೆ. ಟೇಬಲ್ ಆದರೆ ಟೇಬಲ್_ಕ್ಲೋಸ್. ಸ್ಕ್ಯಾನ್ ಆದರೆ ಟೇಬಲ್_ಎಂಡ್‌ಸ್ಕ್ಯಾನ್. ಮೆಮರಿ ಆದರೆ ಪಿಫ್ರೀ. ಹ್ಯಾಶ್ ಟೇಬಲ್ ಆದರೆ ಹ್ಯಾಶ್_ಡಿಸ್ಟ್ರಾಯ್. ಮೆಮರಿ ಕಾಂಟೆಕ್ಸ್ಟ್ ಆದರೆ ಮೆಮರಿಕಾಂಟೆಕ್ಸ್ಟ್‌ಡಿಲೀಟ್. ಬಫರ್ ಆದರೆ ರಿಲೀಸ್‌ಬಫರ್. ಸಾರ್ಟ್ ಆದರೆ ಟ್ಯೂಪಲ್‌ಸಾರ್ಟ್_ಎಂಡ್. ಎಕ್ಸಿಕ್ಯೂಟರ್ ಸ್ಟೇಟ್ ಆದರೆ ಫ್ರೀಎಕ್ಸಿಕ್ಯೂಟರ್‌ಸ್ಟೇಟ್. ಅಲ್ಲಿ ಸಣ್ಣಕ್ಷರ ಅಂಡರ್‌ಸ್ಕೋರ್, ಇಲ್ಲಿ ಒಂಟೆ ಬೆನ್ನಿನ ದೊಡ್ಡಕ್ಷರ. ಮುಚ್ಚು, ಮುಗಿಸು, ಬಿಡು, ಅಳಿಸು, ನಾಶ ಮಾಡು. ಸಾವಿಗೆ ಎಷ್ಟು ಹೆಸರು ಮಾರಾಯರೇ!

ಗಿಟ್ ಗಿರಾಕಿ

ಅದರಲ್ಲಿ ಅರ್ಧ ಬೇಕೆಂದೇ ಬೇರೆ. ರಿಲೀಸ್‌ಬಫರ್ ಅಂದರೆ ಬಫರ್ ಸಾಯುವುದಿಲ್ಲ, ನೀವು ಹಿಡಿದಿದ್ದ ಪಿನ್ ("ಬಳಸುತ್ತಿದ್ದೇನೆ" ಅನ್ನುವ ಗುರುತು) ಬಿಡುತ್ತೀರಿ ಅಷ್ಟೇ, ಪೇಜ್ ಮೆಮರಿಯಲ್ಲೇ ಇರಬಹುದು. ಲಾಕ್ ಕೂಡ ಬಿಡುವುದಿಲ್ಲ. ಎರಡನ್ನೂ ಬಿಡಲು ಅನ್‌ಲಾಕ್‌ರಿಲೀಸ್‌ಬಫರ್ ಅಂತ ಬೇರೆ ಇದೆ. ಹಾಗೇ ಮೆಮರಿಕಾಂಟೆಕ್ಸ್ಟ್‌ರಿಸೆಟ್ ಮಾಡಿದರೆ ಒಳಗಿನದೆಲ್ಲ ಹೋಗುತ್ತದೆ, ಪಾತ್ರೆ ಉಳಿಯುತ್ತದೆ. ಡಿಲೀಟ್ ಮಾಡಿದರೆ ಪಾತ್ರೆಯೂ ಹೋಯಿತು. ಇವನ್ನೆಲ್ಲ ಚಂದಕ್ಕೆ "ಫ್ರೀ" ಅಂತ ಮಾಡಿದರೆ ನಿಮ್ಮ ಚೀಟಿ ಸಣ್ಣದಾಗುತ್ತದೆ, ಬಗ್ ದೊಡ್ಡದಾಗುತ್ತದೆ.

ದೊಡ್ಡಕ್ಷರ ಸಣ್ಣಕ್ಷರದ ಗಲಾಟೆಗೆ ಮಾತ್ರ ಸಮರ್ಥನೆ ಇಲ್ಲ, ಅದು ಬರೀ ವಯಸ್ಸಿನ ಸುಕ್ಕು. ಬರ್ಕ್ಲಿಯಲ್ಲಿ 1986ರಲ್ಲಿ ಶುರುವಾದ ಕೋಡ್ ಅದು. ಆರಂಭದಲ್ಲಿ ಸ್ವಲ್ಪ ಭಾಗ ಲಿಸ್ಪ್ ಭಾಷೆಯಲ್ಲಿತ್ತು. ಲಿಸ್ಟ್‌ಗೆ ಸೇರಿಸುವ ಎಲ್‌ಕಾನ್ಸ್ ಅನ್ನುವ ಹೆಸರಲ್ಲಿ ಆ ವಾಸನೆ ಇನ್ನೂ ಇದೆ.

ನಲ್ ಅಲ್ಲ

ಓಹೋ, ಎಲ್‌ಕಾನ್ಸ್ ಅಂದರೆ ಲಿಸ್ಪ್‌ನಲ್ಲಿ ಲಿಸ್ಟ್ ಕಟ್ಟುವ ಕಾನ್ಸ್! ಐದು ವರ್ಷದಿಂದ ಬಳಸುತ್ತಿದ್ದೇನೆ, "ಲೋಕಲ್ ಕಾನ್‌ಸ್ಟಂಟ್" ಅಂತ ತಿಳಿದುಕೊಂಡಿದ್ದೆ.

ಧಾರವಾಡದ ಡಿಬಿಎ

ನೀವೆಲ್ಲ ಒಳಗಿನ ಹೆಸರಿನ ಬಗ್ಗೆ ಜಗಳ ಆಡ್ತೀರಿ, ಹೊರಗಿನ ಹೆಸರು ಬದಲಾದಾಗ ರಾತ್ರಿ ಎದ್ದು ಕೂರುವವರು ಡೇಟಾಬೇಸ್ ನೋಡಿಕೊಳ್ಳುವ ನಾವು ನೋಡ್ರಿ. 2017ರಲ್ಲಿ ಪೋಸ್ಟ್‌ಗ್ರೆಸ್ 10 ಬಂತು. ಎಕ್ಸ್‌ಲಾಗ್ (ಪ್ರತಿ ಬದಲಾವಣೆಯನ್ನೂ ಮೊದಲೇ ಬರೆದಿಡುವ ದಾಖಲೆ) ಅನ್ನುವುದೆಲ್ಲ ವಾಲ್ ಆಯಿತು. ಪಿಜಿ_ಸ್ವಿಚ್_ಎಕ್ಸ್‌ಲಾಗ್ ಹೋಗಿ ಪಿಜಿ_ಸ್ವಿಚ್_ವಾಲ್. ಪಿಜಿ_ಕರೆಂಟ್_ಎಕ್ಸ್‌ಲಾಗ್_ಲೊಕೇಶನ್ ಹೋಗಿ ಪಿಜಿ_ಕರೆಂಟ್_ವಾಲ್_ಎಲ್‌ಎಸ್‌ಎನ್. ನಮ್ಮ ರೆಪ್ಲಿಕೇಶನ್ ಮಾನಿಟರ್ ಸ್ಕ್ರಿಪ್ಟ್ ಅವತ್ತೇ ಮಲಗಿತು. 13ಕ್ಕೆ ಹೋದಾಗ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್‌ನಲ್ಲಿ ಟೋಟಲ್_ಟೈಮ್ ಇದ್ದದ್ದು ಟೋಟಲ್_ಎಕ್ಸೆಕ್_ಟೈಮ್. 17ರಲ್ಲಿ ಚೆಕ್‌ಪಾಯಿಂಟ್ ಎಣಿಕೆಗಳು ಪಿಜಿ_ಸ್ಟ್ಯಾಟ್_ಬಿಜಿರೈಟರ್ ಬಿಟ್ಟು ಬೇರೆ ಮನೆ ಮಾಡಿಕೊಂಡವು, ಹೆಸರೂ ಬದಲು. ಪ್ರತಿ ಸಲ ಡ್ಯಾಶ್‌ಬೋರ್ಡ್ ಖಾಲಿ, ಪ್ರತಿ ಸಲ ಫೋನ್ ನನಗೇ.

ಆದರೂ ಪಿಜಿ_ಎಕ್ಸ್‌ಲಾಗ್ ಫೋಲ್ಡರ್ ಹೆಸರು ತೆಗೆದದ್ದಕ್ಕೆ ನಾನು ಕೈ ಮುಗಿದಿದ್ದೇನೆ. ಹಿಂದೆ ಒಂದು ಕಡೆ ಕೆಲಸಕ್ಕಿದ್ದಾಗ ಡಿಸ್ಕ್ ತುಂಬಿತು ಅಂತ ಒಬ್ಬ ಸಿಸ್ಟಮ್ ಅಡ್ಮಿನ್ "ಲಾಗ್ ತಾನೇ" ಅಂತ ಅದನ್ನು ಅಳಿಸಿಬಿಟ್ಟ. ಅದು ಬರೀ ಲಾಗ್ ಅಲ್ಲ, ಡೇಟಾಬೇಸ್‌ನ ಜೀವ. ಆ ಶನಿವಾರ, ಭಾನುವಾರ ನಾನು ಮನೆಗೇ ಹೋಗಲಿಲ್ಲ. ಬ್ಯಾಕಪ್ ಗುರುವಾರದ್ದಿತ್ತು.

ಹಳೇ ಪಾಯಿಂಟರ್

ಒಳಗೆ ನೋಡಿದರೆ ಈಗಲೂ ಎಕ್ಸ್‌ಲಾಗ್‌ಇನ್ಸರ್ಟ್, ಎಕ್ಸ್‌ಲಾಗ್‌ಫ್ಲಶ್ ಅಂತಲೇ ಇದೆ. ಹೊರಗಿನವರು ಓದುವ ಹೆಸರು ಮಾತ್ರ ಬದಲಿಸಿದರು. ಒಳಗಿನದನ್ನು ಮುಟ್ಟಿದರೆ ಹಳೆ ಆವೃತ್ತಿಗಳಿಗೆ ಬಗ್ ಫಿಕ್ಸ್ ಒಯ್ಯುವುದು ನರಕ. ಒಂದೊಂದು ಆವೃತ್ತಿಗೆ ಐದು ವರ್ಷ ಸಪೋರ್ಟ್ ಕೊಡುತ್ತಾರೆ, ಒಂದೇ ಪ್ಯಾಚ್ ಐದು ಬ್ರಾಂಚ್‌ಗೆ ಹಾಕಬೇಕು.

ಫಿಲ್ಟರ್ ಕಾಫಿ

ಬೆಂಗಳೂರು ಸಿಟಿ ಸ್ಟೇಷನ್ ಥರ. ಬೋರ್ಡಿನಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಅಂತ ಬಂತು, ಟಿಕೆಟ್‌ನಲ್ಲಿ ಕೋಡ್ ಇನ್ನೂ ಎಸ್‌ಬಿಸಿ. ಆಟೋದವರ ಬಾಯಲ್ಲಿ ಮೆಜೆಸ್ಟಿಕ್.

ಧಾರವಾಡದ ಡಿಬಿಎ

ಹುಬ್ಬಳ್ಳಿದೂ ಹಂಗೇ. ಸಿದ್ಧಾರೂಢರ ಹೆಸರು ಬಂತು, ಕೋಡ್ ಯುಬಿಎಲ್.

ಅರ್ಧವಿರಾಮ

ರೈಲು ಬಿಡಿ, ವಿಷಯಕ್ಕೆ ಬನ್ನಿ. ಹಳೆ ಹೆಸರನ್ನು ಅಲಿಯಾಸ್ (ಅದೇ ಫಂಕ್ಷನ್‌ಗೆ ಎರಡನೇ ಹೆಸರು) ಆಗಿ ಇಟ್ಟುಕೊಂಡಿದ್ದರೆ ಡಿಬಿಎ ಸಾಹೇಬರ ಸ್ಕ್ರಿಪ್ಟ್ ಒಡೆಯುತ್ತಿರಲಿಲ್ಲವಲ್ಲ? ಯಾಕೆ ಇಡಲ್ಲ?

ಗಿಟ್ ಗಿರಾಕಿ

ಕೆಲವು ಸಲ ಒಡೆಯಬೇಕು ಅಂತಲೇ ಒಡೆಯುತ್ತಾರೆ. 2022ರ 15ನೇ ಆವೃತ್ತಿಯಲ್ಲಿ ಪಿಜಿ_ಸ್ಟಾರ್ಟ್_ಬ್ಯಾಕಪ್ ಹೋಗಿ ಪಿಜಿ_ಬ್ಯಾಕಪ್_ಸ್ಟಾರ್ಟ್ ಆಯಿತು. ಪದ ಅದಲು ಬದಲು, ನೋಡಿದರೆ ಹುಚ್ಚು ಅನ್ನಿಸುತ್ತದೆ. ಅದರ ಹಿಂದೆ ಕಾರಣ ಇದೆ. ಹಳೆಯ ಎಕ್ಸ್‌ಕ್ಲೂಸಿವ್ ಬ್ಯಾಕಪ್ ಪದ್ಧತಿಯನ್ನೇ ಕಿತ್ತು ಹಾಕಿದರು. ಅದರಲ್ಲಿ ಬ್ಯಾಕಪ್ ನಡೆಯುವಾಗ ಸರ್ವರ್ ಬಿದ್ದರೆ, ಡೇಟಾ ಫೋಲ್ಡರ್‌ನಲ್ಲಿ ಉಳಿದ ಒಂದು ಲೇಬಲ್ ಫೈಲ್‌ನಿಂದಾಗಿ ಅದು ಮತ್ತೆ ಏಳದೇ ಇರಬಹುದಿತ್ತು. ಹೆಸರು ಹಾಗೇ ಇದ್ದಿದ್ದರೆ ಹಳೆ ಸ್ಕ್ರಿಪ್ಟ್ ಓಡಿದಂತೆ ಓಡಿ ಬೇರೇನೋ ಮಾಡುತ್ತಿತ್ತು. ಈಗ "ಆ ಫಂಕ್ಷನ್ ಇಲ್ಲ" ಅಂತ ಮೊದಲ ಸಾಲಿನಲ್ಲೇ ಬೀಳುತ್ತದೆ.

ಬೇರೆ ಕೆಲಸ ಮಾಡುವುದಾದರೆ ಹೆಸರು ಬದಲಾಗಲೇಬೇಕು, ಅಲಿಯಾಸ್ ಬೇಡ. ಅದೇ ಕೆಲಸ ಆದರೆ ಅಲಿಯಾಸ್ ಇಡಬಹುದು. @ಮಧ್ಯರಾತ್ರಿ_ಕಮಿಟ್ ನಿಮ್ಮ ಗೆಟ್_ಪಾಲಿಸಿ_ಐಡಿಗೆ ದಯವಿಟ್ಟು ಅಲಿಯಾಸ್ ಇಡಬೇಡಿ.

ಸೆಗ್‌ಫಾಲ್ಟ್ ಸೀನ

ಮೈಎಸ್‌ಕ್ಯೂಎಲ್ ಡೇಟಾಬೇಸ್ ಮಂದಿಗೆ ಈ ಚಿಂತೆಯೇ ಇಲ್ಲ. ಮೈಎಸ್‌ಕ್ಯೂಎಲ್_ಎಸ್ಕೇಪ್_ಸ್ಟ್ರಿಂಗ್ ಸರಿ ಇಲ್ಲವಾ? ಮೈಎಸ್‌ಕ್ಯೂಎಲ್_ರಿಯಲ್_ಎಸ್ಕೇಪ್_ಸ್ಟ್ರಿಂಗ್ ತಗೊಳ್ಳಿ. ಇದು ಅಸಲಿ ಕಣ್ರೀ, ಮೊದಲಿನದ್ದು ನಕಲಿ.

ಹಳೇ ಪಾಯಿಂಟರ್

ನಗಬೇಡಿ, ಕಾರಣ ಇದೆ. ಎರಡೂ ಕ್ವೆರಿಯೊಳಗೆ ಹಾಕುವ ಪಠ್ಯದ ಅಪಾಯಕಾರಿ ಚಿಹ್ನೆಗಳನ್ನು ನಿರಪಾಯ ಮಾಡುವ ಫಂಕ್ಷನ್‌ಗಳು. ಮೊದಲಿನದ್ದು ಕನೆಕ್ಷನ್ ತಗೊಳ್ಳುತ್ತಿರಲಿಲ್ಲ, ಹಾಗಾಗಿ ಕ್ಯಾರೆಕ್ಟರ್ ಸೆಟ್ ಯಾವುದು ಅಂತ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಆದರೆ "ರಿಯಲ್" ಅನ್ನುವ ಪದ ಇದನ್ನು ಎಲ್ಲಿ ಹೇಳುತ್ತದೆ? ಅದು ಬರೆದವನ ಬೇಜಾರು ಮಾತ್ರ ಹೇಳುತ್ತದೆ. ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್‌ನವರು ಎಸ್‌ಕ್ಯೂಲೈಟ್3_ಪ್ರಿಪೇರ್_ವಿ2 ಅಂತ ನಂಬರ್ ಹಾಕಿದರು. ಚಂದ ಇಲ್ಲ, ಆದರೆ ಯಾವುದು ಹೊಸದು ಅಂತ ಗೊತ್ತಾಗುತ್ತದೆ. ನನಗೆ ಅದೇ ವಾಸಿ.

ನಲ್ ಅಲ್ಲ

ಎಸ್‌ಕ್ಯೂಲೈಟ್ ಅಂದ ಕೂಡಲೇ ನೆನಪಾಯಿತು. ಅವರ ತಾತ್ಕಾಲಿಕ ಫೈಲ್‌ಗಳ ಹೆಸರು ಎಟಿಲ್‌ಕ್ಯೂಎಸ್ ಅಂತ ಶುರುವಾಗುತ್ತದೆ, ಅಂದರೆ ಎಸ್‌ಕ್ಯೂಲೈಟ್ ಅನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಬರೆದದ್ದು. ಸೋರ್ಸ್ ಕೋಡ್‌ನಲ್ಲೇ 2006ರ ಅಕ್ಟೋಬರ್ 31ರ ಕಾಮೆಂಟ್ ಇದೆ. ಒಂದು ಹೆಸರಾಂತ ಆಂಟಿವೈರಸ್ ಒಳಗೆ ಎಸ್‌ಕ್ಯೂಲೈಟ್ ಬಳಸಿದ್ದರು. ಜನರ ವಿಂಡೋಸ್ ಟೆಂಪ್ ಫೋಲ್ಡರ್‌ನಲ್ಲಿ ಎಸ್‌ಕ್ಯೂಲೈಟ್ ಹೆಸರಿನ ಫೈಲ್‌ಗಳು ಬೀಳತೊಡಗಿದವು. ಜನ ಗೂಗಲ್ ಮಾಡಿ, ಡೆವಲಪರ್‌ಗಳ ಫೋನ್ ನಂಬರ್ ಹುಡುಕಿ, ರಾತ್ರಿ ಎಬ್ಬಿಸಿ ಬೈದರಂತೆ. ಅದಕ್ಕೇ ಹೆಸರು ತಿರುಗಿಸಿದರು.

ಧಾರವಾಡದ ಡಿಬಿಎ

ನಾನೂ ನನ್ನ ಹೆಸರು ತಿರುಗಿಸಿ ಇಟ್ಕೋಬೇಕು ಅನ್ಸತ್ತೆ.

ಕನ್ನಡ_ಸ್ಕೀಮಾ

ಸ್ವಲ್ಪ ಆಚೆಯ ಪ್ರಶ್ನೆ. ನಾನು ನಮ್ಮ ಊರಿನ ಸೊಸೈಟಿಗೆ ಒಂದು ಸಣ್ಣ ಲೆಕ್ಕದ ಆ್ಯಪ್ ಮಾಡಿದ್ದೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ, ಕೋಟ್ ಕೂಡ ಬೇಕಿಲ್ಲ, ಆರಾಮಾಗಿ ಓಡುತ್ತದೆ. ಆದರೆ ಗ್ರಾಹಕರ_ಒಟ್ಟು_ಬಾಕಿ_ಮೊತ್ತ ಅಂತ ಇಟ್ಟ ಫಂಕ್ಷನ್ ಲಿಸ್ಟ್‌ನಲ್ಲಿ ಗ್ರಾಹಕರ_ಒಟ್ಟು_ಬಾಕಿ_ಮೊತ್ ಅಂತ ಕಾಣುತ್ತಿದೆ. ಕೊನೆಯ ತ ಎಲ್ಲಿ ಹೋಯಿತು?

ಗಿಟ್ ಗಿರಾಕಿ

ಹಹ್ಹಾ, ಇದು ಚೆನ್ನಾಗಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿನ ಗರಿಷ್ಠ ಉದ್ದ 63 ಬೈಟ್. ಅಕ್ಷರ ಅಲ್ಲ, ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೆ 3 ಬೈಟ್ ಬೇಕು. ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. ಗ್ರಾಹಕರ 7, ಒಟ್ಟು 5, ಬಾಕಿ 4, ಮೊತ್ತ 5, ಎಲ್ಲ ಸೇರಿ 21. 21 ಇಂಟು 3, 63. ಸರಿಯಾಗಿ ಹಿಡಿಯುತ್ತಿತ್ತು, ಆದರೆ ಮೂರು ಅಂಡರ್‌ಸ್ಕೋರ್ ಸೇರಿ 66 ಆಯಿತು. ಕೊನೆಯ 3 ಬೈಟ್ ಕತ್ತರಿಸಿದರು, ತ ಹೋಯಿತು. ಸೃಷ್ಟಿಸುವಾಗ ಒಂದು ನೋಟಿಸ್ ಬಂದಿರುತ್ತದೆ, ನೀವು ನೋಡಿಲ್ಲ.

ಕನ್ನಡ_ಸ್ಕೀಮಾ

ಅಂದರೆ ಅಂಡರ್‌ಸ್ಕೋರ್ ತೆಗೆದರೆ ತ ವಾಪಸ್ ಬರುತ್ತದಾ?

ಗಿಟ್ ಗಿರಾಕಿ

ಬರುತ್ತದೆ. ಆದರೆ "ಒಟ್ಟು" ತೆಗೆಯುವುದು ವಾಸಿ. ಮೊತ್ತ ಅಂದಮೇಲೆ ಒಟ್ಟು ಯಾಕೆ?

ಅರ್ಧವಿರಾಮ

ಒಟ್ಟು ಮೊತ್ತ ಬೇರೆ, ಮೊತ್ತ ಬೇರೆ. ಒಬ್ಬ ಗ್ರಾಹಕರ ಬಾಕಿ ಮೊತ್ತ ಇರಬಹುದು, ಎಲ್ಲರ ಒಟ್ಟು ಮೊತ್ತ ಇರಬಹುದು. ಈಗ ತಾನೇ ಹೆಸರು ಸ್ಪಷ್ಟ ಇರಬೇಕು ಅಂತ ಭಾಷಣ ಮಾಡಿದಿರಿ.

ಗಿಟ್ ಗಿರಾಕಿ

ಸರಿ ಸ್ವಾಮಿ, ಗೆದ್ದಿರಿ.

ಮಧ್ಯರಾತ್ರಿ_ಕಮಿಟ್

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನದಿಂದ ಓದುತ್ತಿದ್ದೇನೆ, ರೈಲಿನ ಭಾಗ ಸೇರಿ. ಆದದ್ದು ಹೇಳುತ್ತೇನೆ.

ಮೊದಲ ದಿನ ಉತ್ಸಾಹದಲ್ಲಿ ಸೆಡ್ (ಫೈಲ್‌ಗಳಲ್ಲಿ ಪದ ಹುಡುಕಿ ಬದಲಿಸುವ ಟೂಲ್) ಓಡಿಸಿದೆ. ಇಂಗ್ಲಿಷಿನಲ್ಲಿ ಗೆಟ್ ಮತ್ತು ಅಂಡರ್‌ಸ್ಕೋರ್ ಎಲ್ಲಿದೆಯೋ ಅಲ್ಲೆಲ್ಲ ಲುಕಪ್ ಮತ್ತು ಅಂಡರ್‌ಸ್ಕೋರ್ ಹಾಕು ಅಂತ. ಟಾರ್ಗೆಟ್_ನೋಡ್ ಅನ್ನುವುದು ಟಾರ್‌ಲುಕಪ್_ನೋಡ್ ಆಯಿತು. ಬಜೆಟ್_ಲಿಮಿಟ್ ಅನ್ನುವುದು ಬಡ್‌ಲುಕಪ್_ಲಿಮಿಟ್. ಎಲ್ಲ ಕಡೆ ಒಂದೇ ಥರ ಕೆಟ್ಟಿದ್ದರಿಂದ ಕಂಪೈಲ್ ಕೂಡ ಆಯಿತು! ರಿವ್ಯೂನಲ್ಲಿ ಅದೇ ಹೊಸ ಹುಡುಗಿ ಹಿಡಿದಳು. "ಸರ್, ಟಾರ್‌ಲುಕಪ್ ಅಂದರೆ ಡಾಂಬರು ಹುಡುಕುವುದಾ?" ಅಂತ ಕೇಳಿದಳು.

ವಾಪಸ್ ತಗೊಂಡೆ. ಈಗ ಹುಡುಕುವ 11 ಫಂಕ್ಷನ್‌ಗಳನ್ನು ಮಾತ್ರ ಮುಟ್ಟಿದ್ದೇನೆ. ಎಲ್ಲದಕ್ಕೂ ಗೆಟ್_ಏನೋ_ಐಡಿ, ಎಲ್ಲದಕ್ಕೂ ಕೊನೆಯಲ್ಲಿ ಮಿಸ್ಸಿಂಗ್_ಓಕೆ. ಪ್ಯಾರಾಮೀಟರ್ ಸೇರಿದ್ದರಿಂದ ಹಳೆಯ ಕರೆ ಯಾವುದೂ ಕಂಪೈಲ್ ಆಗಲಿಲ್ಲ, ಒಂದೊಂದನ್ನೂ ಕಣ್ಣಲ್ಲಿ ನೋಡಿ ಟ್ರೂ ಅಥವಾ ಫಾಲ್ಸ್ ಬರೆಯಬೇಕಾಯಿತು. ಹಾಗೆ ನೋಡುವಾಗ ಇನ್ನೆರಡು ಕಡೆ ಸೊನ್ನೆ ಚೆಕ್ ಮಾಡದೆ ಮುಂದೆ ಹೋಗುತ್ತಿದ್ದದ್ದು ಸಿಕ್ಕಿತು, ಅದರಲ್ಲಿ ಒಂದು ಎರಡು ವರ್ಷದಿಂದ ಪ್ರೊಡಕ್ಷನ್‌ನಲ್ಲಿದೆ. ಅದನ್ನು ಮ್ಯಾನೇಜರ್‌ಗೆ ತೋರಿಸಿದ ಮೇಲೆ "ಹೆಸರಿಗೆ ಯಾಕೆ ಜಗಳ" ಅನ್ನುವ ಮಾತು ನಿಂತಿದೆ.

ಮುಚ್ಚುವ ಹೆಸರುಗಳನ್ನು ಮುಟ್ಟಿಲ್ಲ. ನಮ್ಮಲ್ಲೂ ರಿಲೀಸ್ ಇದೆ, ಫ್ರೀ ಇದೆ, ಡಿಸ್ಟ್ರಾಯ್ ಇದೆ. ಯಾವುದು ಬೇಕೆಂದೇ ಬೇರೆ, ಯಾವುದು ಸುಮ್ನೆ ಬೇರೆ ಅಂತ ಇನ್ನೂ ಗೊತ್ತಾಗಿಲ್ಲ.

ಅರ್ಧವಿರಾಮ

ಹೆಸರು ಬದಲಿಸಿದ ಕಮಿಟ್ ಬೇರೆ, ಬಗ್ ಫಿಕ್ಸ್ ಮಾಡಿದ ಕಮಿಟ್ ಬೇರೆ ಮಾಡಿದ್ದೀರಿ ತಾನೇ? ಒಟ್ಟಿಗೆ ಹಾಕಿದರೆ ಮುಂದಿನ ವರ್ಷ ಗಿಟ್ ಬ್ಲೇಮ್ (ಯಾವ ಸಾಲು ಯಾರು ಬದಲಿಸಿದರು ಅನ್ನುವ ಪಟ್ಟಿ) ನೋಡುವವನು ನಿಮ್ಮನ್ನೇ ಬೈಯುತ್ತಾನೆ.

ಮಧ್ಯರಾತ್ರಿ_ಕಮಿಟ್

...ಈಗ ಬೇರೆ ಮಾಡುತ್ತೇನೆ.

ಸೆಗ್‌ಫಾಲ್ಟ್ ಸೀನ

ಆ ಹುಡುಗಿಗೆ ಇಂಕ್ರಿಮೆಂಟ್ ಕೊಡಿ ಮೊದಲು. ಇಂಕ್ರಿಮೆಂಟ್_ಮಿಸ್ಸಿಂಗ್_ಓಕೆ = ಫಾಲ್ಸ್.